ನಾರ್ವೆಯ 'ವೀಕಿಂಗಾನೆ' (ನಾರ್ಸ್‌ಮೆನ್): ಕಥೆ 790ನೇ ಇಸವಿಯದು, ಕುಟುಕುವುದು ಇವತ್ತಿನ ನಾರ್ವೆಯನ್ನು

ಸ್ಟವಾಂಗರ್‌ವಾಸಿ:
ಎಲ್ಲರಿಗೂ ನಮಸ್ಕಾರ. ಕೊರಿಯಾ, ಟರ್ಕಿ, ಸ್ಪೇನ್ ಧಾರಾವಾಹಿಗಳ ಬಗ್ಗೆ ಇಲ್ಲಿ ಪುಟಗಟ್ಟಲೆ ಚರ್ಚೆ ಆಗಿದೆ. ನಾರ್ವೆಯ ಹಾಸ್ಯದ ಬಗ್ಗೆ ಮಾತ್ರ ಯಾರೂ ಎತ್ತಿಲ್ಲ. ನಾರ್ವೆಯಲ್ಲಿ ನೆಲೆಸಿರುವ ನಾನೇ ಶುರು ಮಾಡುತ್ತೇನೆ, ಏಕೆಂದರೆ ಈ ದೇಶ ನನಗೆ ಅರ್ಥವಾಗಿದ್ದು ಆಫೀಸಿಗಿಂತ ಹೆಚ್ಚಾಗಿ ಈ ಧಾರಾವಾಹಿಯಿಂದ.

'ವೀಕಿಂಗಾನೆ' (ಅಂದರೆ ವೈಕಿಂಗರು, ಕಡಲ ಸೂರೆಗೆ ಹೆಸರಾದ ಹಳೆಯ ಕಾಲದ ಇಲ್ಲಿನ ಜನ) ಶುರುವಾಗಿದ್ದು 2016ರ ಅಕ್ಟೋಬರಿನಲ್ಲಿ, ಇಲ್ಲಿನ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆಯಲ್ಲಿ. ಬರೆದು ನಿರ್ದೇಶಿಸಿದವರು ಯೋನ್ ಈವರ್ ಹೆಲ್ಗಾಕರ್ ಮತ್ತು ಯೋನಾಸ್ ಟೋರ್ಗರ್ಸನ್. 2017ರಲ್ಲಿ ನೆಟ್‌ಫ್ಲಿಕ್ಸ್‌ಗೆ 'ನಾರ್ಸ್‌ಮೆನ್' ಅನ್ನುವ ಹೆಸರಲ್ಲಿ ಬಂತು. ಒಟ್ಟು ಮೂರು ಸೀಸನ್, 18 ಕಂತು, 2020ಕ್ಕೆ ಮುಗಿಯಿತು. ಕಥೆ ನಡೆಯುವುದು 790ರಲ್ಲಿ, ನೂರ್‌ಹೈಮ್ ಅನ್ನುವ ಹಳ್ಳಿಯಲ್ಲಿ. ಸೂರೆಗೆ ಹೋಗುವುದು, ಗುಲಾಮರನ್ನು ತರುವುದು, ಪಕ್ಕದೂರಿನ ದೊರೆಯ ಕಾಟ, ಎಲ್ಲವೂ ಇದೆ. ಆದರೆ ಈ ಜನ ಮಾತಾಡುವ ಧಾಟಿ ಪೂರ್ತಿ ಇವತ್ತಿನದು. ಕತ್ತಿ ಹಿಡಿದವರು ಓಸ್ಲೋದ ಯಾವುದೋ ಆಫೀಸಿನ ಮೀಟಿಂಗಿನಲ್ಲಿ ಕೂತವರ ಹಾಗೆ "ನಿಮ್ಮ ಅಭಿಪ್ರಾಯ ಗೌರವಿಸುತ್ತೇನೆ, ಆದರೂ ನನಗೆ ಸ್ವಲ್ಪ ಬೇಜಾರಾಯಿತು" ಅನ್ನುವ ರೀತಿಯಲ್ಲಿ ಜಗಳವಾಡುತ್ತಾರೆ.

ನನ್ನ ವಾದ ಇಷ್ಟೇ. ಇದು ವೈಕಿಂಗರನ್ನು ಗೇಲಿ ಮಾಡುವ ಧಾರಾವಾಹಿ ಅಲ್ಲ. ತಾನು ಸಭ್ಯ, ಸಮಾನತೆ ಉಳ್ಳ, ಒಳ್ಳೆಯ ದೇಶ ಅಂತ ನಾರ್ವೆ ತನ್ನ ಬಗ್ಗೆ ಇಟ್ಟುಕೊಂಡಿರುವ ನಂಬಿಕೆಯನ್ನು ಇದು ಪರೀಕ್ಷೆಗೆ ಒಡ್ಡುತ್ತದೆ. ಅದೇ ಸಭ್ಯ ಮಾತು, ಅದೇ ತಾಳ್ಮೆ, ಅದೇ ಸಹಮತದ ರಾಜಕಾರಣ. ಸುತ್ತ ಮಾತ್ರ ಕೊಲೆ, ಸುಲಿಗೆ, ಗುಲಾಮಗಿರಿ. ಮಾತು ಎಷ್ಟೇ ನಯವಾಗಿದ್ದರೂ ಅಧಿಕಾರ ಯಾರ ಕೈಯಲ್ಲಿದೆಯೋ ಅವರದ್ದೇ ನಡೆಯುತ್ತದೆ ಅನ್ನುವುದು ಕಂತು ಕಂತಿಗೂ ಕಣ್ಣಿಗೆ ಕಟ್ಟುತ್ತದೆ.

ಮುಖಂಡ ಓಲಾವ್‌ನ ತಮ್ಮ ಓರ್ಮ್‌ನನ್ನೇ ನೋಡಿ. ಅಧಿಕಾರದ ಆಸೆ ತುಂಬಾ, ಅರ್ಹತೆ ಏನೇನೂ ಇಲ್ಲ. ರೂಫುಸ್ ಅನ್ನುವ ರೋಮಿನ ನಟ ಗುಲಾಮನಾಗಿ ಬಂದವನು, ತಾನು ಸೃಜನಶೀಲ ವ್ಯಕ್ತಿ, ಮೈಮುರಿಯುವ ಕೆಲಸ ತನಗೆ ಒಗ್ಗುವುದಿಲ್ಲ ಅಂತ ಸೆರೆಹಿಡಿದವರಿಗೇ ವಿವರಿಸುತ್ತಾನೆ. ಮುಂದೆ ಅವನು ಓರ್ಮ್‌ನ ಕಿವಿ ಊದಿ ನೂರ್‌ಹೈಮನ್ನು 'ಸಾಂಸ್ಕೃತಿಕ ಕೇಂದ್ರ' ಮಾಡಲು ಹೊರಡುತ್ತಾನೆ. 1965ರಿಂದ ಸರ್ಕಾರಿ ಸಂಸ್ಕೃತಿ ನಿಧಿ ಇಟ್ಟುಕೊಂಡು ಕಲಾವಿದರಿಗೆ ಹಣ ಹಂಚುತ್ತಾ ಬಂದಿರುವ, ಅದರ ಬಗ್ಗೆ ಇವತ್ತಿಗೂ ಪತ್ರಿಕೆಗಳಲ್ಲಿ ಜಗಳವಾಡುವ ದೇಶದಲ್ಲಿ ಕೂತು ಇದನ್ನು ನೋಡಿದರೆ ಪ್ರತಿ ಮಾತಿಗೂ ಗುರಿ ಯಾರು ಅಂತ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ: ನಟರು ಯಾರೂ ನಗುವುದಿಲ್ಲ. ಹಿನ್ನೆಲೆಯಲ್ಲಿ ನಗುವಿನ ಸದ್ದಿಲ್ಲ. ತಾವು ಹಾಸ್ಯದಲ್ಲಿದ್ದೇವೆ ಅಂತ ಒಬ್ಬ ಪಾತ್ರಧಾರಿಗೂ ಗೊತ್ತಿಲ್ಲದ ಹಾಗೆ ಮಾಡಿದ್ದಾರೆ. ನೋಡಿದವರು ಅನಿಸಿದ್ದು ಬರೆಯಿರಿ.

ತುಂಗಾತೀರ:
ಒಳ್ಳೆಯ ವಿಷಯ ಎತ್ತಿದಿರಿ ಸರ್. ನಾನು ಮೊದಲ ಸೀಸನ್ ಇಂಗ್ಲಿಷಿನಲ್ಲಿ ನೋಡಿದೆ. ಡಬ್ಬಿಂಗ್ ಇರಬೇಕು ಅಂದುಕೊಂಡು ಕೂತರೆ ತುಟಿಯ ಚಲನೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಅದು ಹೇಗೆ?

ಸ್ಟವಾಂಗರ್‌ವಾಸಿ:
@ತುಂಗಾತೀರ ಡಬ್ಬಿಂಗ್ ಅಲ್ಲವೇ ಅಲ್ಲ. ಪ್ರತಿ ದೃಶ್ಯವನ್ನೂ ಎರಡು ಸಲ ಚಿತ್ರೀಕರಿಸಿದ್ದಾರೆ, ನಾರ್ವೇಜಿಯನ್‌ನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಅದೇ ನಟರು, ಅದೇ ಬಟ್ಟೆ, ಅದೇ ಕೆಸರು. ನೀವು ನೋಡಿದ್ದರಲ್ಲಿ ಇಂಗ್ಲಿಷ್ ಉಚ್ಚಾರಣೆಯಲ್ಲಿ ನಾರ್ವೆಯ ರಾಗ ಹಾಗೇ ಉಳಿದಿರುತ್ತದೆ, ಅದಕ್ಕೆ ಅದರದ್ದೇ ರುಚಿ ಇದೆ. ನಾನು ಮಾತ್ರ ನಾರ್ವೇಜಿಯನ್ ಆವೃತ್ತಿಯನ್ನೇ ನೋಡಿ ಅನ್ನುತ್ತೇನೆ. ಇಲ್ಲಿನವರು ಬೇಸರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಒಂದು "ಯಾ" (ಹೌದು) ಎಳೆಯುವುದರಲ್ಲೇ ಎಲ್ಲ ಇರುತ್ತದೆ. ಇಂಗ್ಲಿಷಿಗೆ ಬಂದಾಗ ಅದು ಸ್ವಲ್ಪ ನೇರವಾಗಿ ಬಿಡುತ್ತದೆ.

ಚಿತ್ರೀಕರಣ ನಡೆದದ್ದು ನಮ್ಮ ಸ್ಟವಾಂಗರ್‌ನಿಂದ ಉತ್ತರಕ್ಕಿರುವ ಕಾರ್ಮೊಯ್ ದ್ವೀಪದ ಆವಾಲ್ಡ್ಸ್‌ನೆಸ್‌ನಲ್ಲಿ. ದಾರಿಯಲ್ಲಿ ಕಾರು ಸಮೇತ ದೋಣಿ ಹತ್ತಬೇಕು. ಅಲ್ಲಿ 1250ರ ಸುಮಾರಿಗೆ ದೊರೆ ಹಾಕನ್ ಹಾಕನ್ಸನ್ ಕಟ್ಟಿಸಲು ತೊಡಗಿದ ಕಲ್ಲಿನ ಚರ್ಚು ಇದೆ. ಅದರ ಗೋಡೆಗೆ ಅಂಟಿಯೇ ಬಿಟ್ಟಿತೇನೋ ಅನ್ನುವ ಹಾಗೆ ಏಳು ಮೀಟರ್‌ಗೂ ಎತ್ತರದ ನಿಲ್ಲುಗಲ್ಲೊಂದು ವಾಲಿಕೊಂಡಿದೆ. ಕಲ್ಲು ಗೋಡೆಗೆ ತಾಗಿದ ದಿನ ಪ್ರಳಯ ಅಂತ ಊರಿನ ನಂಬಿಕೆ. ಇತಿಹಾಸ ಕೇಂದ್ರದಿಂದ ಕಾಡಿನೊಳಗೆ ಕಾಲುದಾರಿ ಹಿಡಿದು ಸೇತುವೆ ದಾಟಿದರೆ ಬುಕ್ಕೊಯ್ ಅನ್ನುವ ಪುಟ್ಟ ದ್ವೀಪ. ವೈಕಿಂಗ್ ಕಾಲದ ಮಾದರಿಯಲ್ಲಿ ಕಟ್ಟಿದ ತೋಟದಮನೆ, ದೋಣಿಮನೆ, ಉದ್ದನೆಯ ಸಭಾಮನೆ, ಎಲ್ಲವೂ ಅಲ್ಲೇ. ಒಳಗೆ ಕಾಲಿಟ್ಟರೆ ಮರಕ್ಕೆ ಬಳಿದ ಪೈನ್ ಟಾರಿನ ವಾಸನೆ ಮೂಗಿಗೆ ಅಡರುತ್ತದೆ. ಕಿಟಕಿ ಇಲ್ಲ, ಬೆಳಕು ಬರುವುದು ಬಾಗಿಲಿನಿಂದ ಮತ್ತು ಒಲೆಯಿಂದ. ಧಾರಾವಾಹಿಯಲ್ಲಿ ಎಲ್ಲರ ಮುಖ ಅರ್ಧ ಕತ್ತಲಲ್ಲಿರುವುದು ಏಕೆ ಅಂತ ಅಲ್ಲಿ ನಿಂತಾಗ ತಿಳಿಯುತ್ತದೆ.

ಹೆರಾಲ್ಡ್ ಸುಂದರಕೇಶಿ ಅಂತ ಹೆಸರಾದ ದೊರೆಯ ಅರಮನೆ ಇದ್ದ ಜಾಗ ಅಂತ ನಾರ್ವೆಯವರು ಗೌರವಿಸುವ ಊರು ಅದು. ಅಂಥಲ್ಲೇ ಹೋಗಿ ಇಂಥ ಹಾಸ್ಯ ಮಾಡಿದ್ದಾರೆ, ಊರಿನವರು ಜಾಗ ಕೊಟ್ಟಿದ್ದಾರೆ.

ಕಡಲತಡಿ:
ನಾನು ಮಂಗಳೂರಿನವಳು, ನಾರ್ವೆಯಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಮೊದಲ ಕಂತಿನ ಬಂಡೆಯ ದೃಶ್ಯದ ಬಗ್ಗೆ ಯಾರೂ ಬರೆದಿಲ್ಲವಲ್ಲ.

ನೋಡದವರಿಗೆ ಹೇಳುತ್ತೇನೆ. ಊರಿನ ಮುದುಕರು ತಾವಾಗಿ ಬಂಡೆಯ ತುದಿಯಿಂದ ಹಾರಿ ಪ್ರಾಣ ಬಿಡಬೇಕು ಅನ್ನುವ ಪದ್ಧತಿ. 'ಎಟ್ಟೆಸ್ಟುಪ್' ಅನ್ನುತ್ತಾರೆ. ಊರಿಗೆ ಅದೊಂದು ಸಮಾರಂಭ. ಎಲ್ಲರೂ ಗೌರವದಿಂದ, ಮೆತ್ತಗಿನ ದನಿಯಲ್ಲಿ ಮಾತಾಡುತ್ತಾರೆ. ನನಗೆ ನಗು ಬಂದಿತು, ಹಿಂದೆಯೇ ಎದೆ ಭಾರವಾಯಿತು. ಆ ಮೆತ್ತಗಿನ ದನಿಯನ್ನು ನಾನು ಕೆಲಸದಲ್ಲಿ ದಿನಾ ಕೇಳುತ್ತೇನೆ. ಇಲ್ಲಿ ವೃದ್ಧರಿಗೆ ಔಷಧ, ಊಟ, ಬಿಸಿನೀರು, ಸ್ವಚ್ಛ ಹಾಸಿಗೆ, ಯಾವುದಕ್ಕೂ ಕೊರತೆ ಇಲ್ಲ. ಸರ್ಕಾರ ನೋಡಿಕೊಳ್ಳುತ್ತದೆ, ಅದು ದೊಡ್ಡ ಮಾತು. ಆದರೆ ಯಾರಿಗೆ ಎಷ್ಟು ಹೊತ್ತು, ಯಾರಿಗೆ ಯಾವ ಕೋಣೆ, ಯಾರನ್ನು ಮನೆಯಲ್ಲೇ ಇರಿಸಿ ನೋಡಿಕೊಳ್ಳಬೇಕು ಅಂತ ತೀರ್ಮಾನವಾದಾಗ ಅದನ್ನು ಅವರ 'ಸ್ವಂತ ಇಚ್ಛೆ' ಅನ್ನುವ ಹಾಗೆ ಹೇಳಲಾಗುತ್ತದೆ. "ನಿಮಗೆ ಮನೆಯಲ್ಲೇ ಇರುವುದು ಇಷ್ಟ ಅಲ್ಲವೇ?" ಅಂತ ಕೇಳುವ ಪ್ರಶ್ನೆಗೆ ಅಜ್ಜಿ ಇಲ್ಲ ಅನ್ನುವುದು ಹೇಗೆ? ಆ ದೃಶ್ಯ ಬರೆದವರಿಗೆ ಇದು ಗೊತ್ತಿದೆ.

ಹಳೆಗನ್ನಡಪ್ರಿಯ:
ಕಡಲತಡಿ ಮೇಡಂ, ನಿಮ್ಮ ಮಾತಿಗೆ ಒಂದು ಪುರವಣಿ.

ಎಟ್ಟೆಸ್ಟುಪ್ ನಿಜವಾಗಿ ನಡೆಯುತ್ತಿತ್ತು ಅನ್ನುವುದಕ್ಕೆ ಉತ್ಖನನದಲ್ಲಿ ಆಧಾರ ಸಿಕ್ಕಿಲ್ಲ. ಅದರ ಮೂಲ ಐಸ್‌ಲ್ಯಾಂಡಿನ ಒಂದು ಸಾಗಾ (ಹಳೆಯ ಗದ್ಯಕಥನ). ಕಾಡಿನ ನಡುವೆ ಒಂದು ಕಡುಲೋಭಿ ಕುಟುಂಬ. ದಾರಿ ತಪ್ಪಿ ಬಂದ ದೊರೆಗೆ ಊಟ ಹಾಕಬೇಕಾಗಿ ಬಂತಲ್ಲ ಅನ್ನುವ ಸಂಕಟಕ್ಕೆ ಮನೆಯ ಯಜಮಾನ ಬಂಡೆಯಿಂದ ಹಾರುತ್ತಾನೆ. ಆಮೇಲೆ ಮಕ್ಕಳ ಸರದಿ. ತೆನೆಯಿಂದ ಗುಬ್ಬಚ್ಚಿ ಒಂದು ಕಾಳು ಹೆಕ್ಕಿತು ಅನ್ನುವ ನಷ್ಟ ತಾಳಲಾರದೆ ಒಬ್ಬ ಹೆಂಡತಿ ಸಮೇತ ಹಾರುತ್ತಾನೆ. ಅಂದರೆ ಹುಟ್ಟಿನಿಂದಲೇ ಅದು ವಿಡಂಬನೆ. ಓದಿದ ತಲೆಮಾರುಗಳು ಅದನ್ನು ಇತಿಹಾಸ ಅಂತ ನಂಬಿ, ಸ್ವೀಡನ್ನಿನಲ್ಲಿ ಎಷ್ಟೋ ಕಡಿದಾದ ಬಂಡೆಗಳಿಗೆ ಆ ಹೆಸರನ್ನೇ ಇಟ್ಟರು. 20ನೇ ಶತಮಾನದಲ್ಲಿ ಅಲ್ಲಿನ ರಾಜಕಾರಣದಲ್ಲೂ ಪಿಂಚಣಿ, ವೃದ್ಧರ ಸವಲತ್ತು ಕಡಿಮೆ ಮಾಡುವ ಪ್ರಸ್ತಾಪ ಬಂದಾಗೆಲ್ಲ ವಿರೋಧಿಗಳು ಇದೇ ಪದ ಎತ್ತುತ್ತಿದ್ದರು. ಧಾರಾವಾಹಿಯವರು ಆ ದೃಶ್ಯವನ್ನು ಮೊದಲ ಕಂತಿನಲ್ಲೇ ಇಟ್ಟದ್ದು ಸುಮ್ಮನೆ ಇರಲಾರದು.

ಕಲ್ಬುರ್ಗಿ_ತೊಗರಿ:
ಎಲ್ಲಾರೂ ಹೊಗಳಾಕತ್ತೀರಿ, ನಾ ಒಂದು ಬ್ಯಾರೆ ಮಾತು ಹೇಳ್ತೀನ್ರಿ. ಕಾರ್ಕ್ ಅನ್ನೋ ಪಾತ್ರ ನನಗ ನುಂಗಾಕ ಆಗಲಿಲ್ಲ. ಅವ ಗುಲಾಮ. ಬಿಡುಗಡೆ ಸಿಕ್ಕಿತ್ತು ಅವಂಗ. ಆದರೂ ತಾನಾಗೇ ತಿರುಗಿ ಬಂದು ಗುಲಾಮನಾಗೇ ಇರ್ತೀನಿ ಅಂತಾನ. ಅದಕ್ಕ ಎಲ್ಲಾರೂ ನಗಬೇಕು.

ಈ ಮಾತು ನಮಗ ಹೊಸದಲ್ರಿ. ನಮ್ಮ ಕಡೆ ಜೀತಕ್ಕ ಇದ್ದವರ ಬಗ್ಗೆ ಗೌಡ್ರು ಇದನ್ನ ಹೇಳ್ತಿದ್ರು. "ಬಿಟ್ಟರೂ ಹೋಗಂಗಿಲ್ಲ, ಅವಗ ಇಲ್ಲೇ ಆರಾಮ." 1976ರಾಗ ಜೀತ ರದ್ದು ಕಾಯ್ದೆ ಬಂದ ಮ್ಯಾಲೂ ಇದೇ ಮಾತು ಕೇಳಿ ಬೆಳೆದವ ನಾ. ಹೋಗಾಕ ಜಾಗ ಇಲ್ಲ, ಭೂಮಿ ಇಲ್ಲ, ಸಾಲ ತಲಿ ಮ್ಯಾಲ, ಮತ್ತ ಎಲ್ಲಿಗೆ ಹೋಗಬೇಕು? ಅದನ್ನ ಆರಾಮ ಅಂತ ಕರೆದವರು ಯಜಮಾನ್ರು. ಹಂಗಾಗಿ ಯಜಮಾನನ ಸುಳ್ಳನ್ನ ಗುಲಾಮನ ಬಾಯಾಗ ಇಟ್ಟು ನಗಿಸೋದು ನನಗ ವಿಡಂಬನೆ ಅನ್ನಿಸಂಗಿಲ್ರಿ.

ಹಳೆಗನ್ನಡಪ್ರಿಯ:
@ಕಲ್ಬುರ್ಗಿ_ತೊಗರಿ ಅಣ್ಣಾ, ಈ ಎಳೆಯಲ್ಲಿ ಬಂದ ಅತಿ ಮುಖ್ಯ ಮಾತು ನಿಮ್ಮದು. ನೀವು ಹೇಳಿದ್ದಕ್ಕೆ ನಾರ್ವೆಯ ಹಳೆಯ ಕಾನೂನೇ ಸಾಕ್ಷಿ ಕೊಡುತ್ತದೆ.

ಪಶ್ಚಿಮ ನಾರ್ವೆಯ ಗುಲಾಟಿಂಗ್ ಸಭೆಯ ಕಾನೂನಿನಲ್ಲಿ ಗುಲಾಮರ ಬಿಡುಗಡೆಗೇ ವಿಧಿ ಇತ್ತು. ಗುಲಾಮ ತನ್ನ ಬೆಲೆ ಕಟ್ಟಿದರೆ ಸಾಲದು, 'ಬಿಡುಗಡೆಯ ಬಿಯರ್' ಕಾಯಿಸಿ, ಟಗರು ಕಡಿದು, ಯಜಮಾನನನ್ನು ಕರೆದು ಔತಣ ಹಾಕಬೇಕು. ಆಮೇಲೇ ಅವನಿಗೆ ತನ್ನ ವ್ಯವಹಾರ, ಮದುವೆ ತಾನೇ ನಿರ್ಧರಿಸುವ ಹಕ್ಕು. ಅಷ್ಟಾದರೂ ಬಂಧ ಕಡಿಯುತ್ತಿರಲಿಲ್ಲ. ಹಳೆಯ ಯಜಮಾನನಿಗೆ ನಿಷ್ಠನಾಗಿರಬೇಕು, ಅವನ ವಿರುದ್ಧ ಸಾಕ್ಷಿ ಹೇಳಬಾರದು, ಅವನ ಶತ್ರುಗಳ ಜತೆ ಸೇರಬಾರದು. ತಪ್ಪಿದರೆ ಮತ್ತೆ ಗುಲಾಮನಾಗುವ ಭಯ. ಈ ಕಟ್ಟುಪಾಡು ಮಕ್ಕಳಿಗೂ ಇಳಿಯುತ್ತಿತ್ತು. ಹಾಗಾಗಿ ಚರಿತ್ರೆಯ ಕಾರ್ಕ್‌ಗಳು 'ಇಷ್ಟಪಟ್ಟು' ಉಳಿದವರಲ್ಲ, ಹೋಗಲು ಬಿಡದ ಕಾನೂನಿನೊಳಗೆ ಸಿಕ್ಕಿಕೊಂಡವರು.

ಸ್ಟವಾಂಗರ್‌ವಾಸಿ:
ತೊಗರಿ ಅಣ್ಣ, ನಿಮ್ಮ ನೋವಿನ ಜಾಗ ನನಗೆ ಅರ್ಥವಾಗುತ್ತದೆ. ಆದರೂ ನಾನು ಆ ಪಾತ್ರವನ್ನು ನೋಡಿದ ಬಗೆಯನ್ನು ನಿಮ್ಮ ಮುಂದಿಡುತ್ತೇನೆ. ಧಾರಾವಾಹಿಯಲ್ಲಿ ಕಾರ್ಕ್‌ನನ್ನು ನೋಡಿ ಸಮಾಧಾನಪಡುವವರು ನೂರ್‌ಹೈಮಿನ ಸ್ವತಂತ್ರ ಜನ. "ನೋಡಿ, ಅವನೇ ಒಪ್ಪಿಕೊಂಡಿದ್ದಾನೆ, ನಾವೇನು ಕೆಟ್ಟವರಲ್ಲ" ಅನ್ನುವ ನೆಮ್ಮದಿ ಅವರಿಗೆ ಬೇಕು. ಇವತ್ತಿನ ನಾರ್ವೆಗೂ ಇದೇ ನೆಮ್ಮದಿ ಬೇಕು. 1969ರ ಕೊನೆಗೆ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕಿ ಶ್ರೀಮಂತವಾದ ದೇಶವಿದು. ಇಲ್ಲಿ ಮನೆ ಗುಡಿಸುವವರು, ಕಟ್ಟಡ ಕಟ್ಟುವವರು, ಮೀನು ಸಂಸ್ಕರಣೆಯ ಸಾಲಿನಲ್ಲಿ ನಿಲ್ಲುವವರಲ್ಲಿ ಬಹಳ ಮಂದಿ ಪೋಲೆಂಡ್, ಲಿಥುವೇನಿಯಾದಿಂದ ಬಂದವರು. "ಅವರೂರಿಗಿಂತ ಇಲ್ಲಿ ಸಂಬಳ ಚೆನ್ನಾಗಿದೆ, ಅವರಿಗೆ ಖುಷಿ" ಅನ್ನುವ ಮಾತನ್ನು ನಾನು ಊಟದ ಮೇಜಿನ ಸುತ್ತ ಕೇಳುತ್ತಿರುತ್ತೇನೆ. ಕಾರ್ಕ್ ಕಾಣಿಸಿಕೊಂಡಾಗೆಲ್ಲ ನನಗೆ ಆ ಮೇಜು ಕಣ್ಮುಂದೆ ಬರುತ್ತದೆ.

ಕಲ್ಬುರ್ಗಿ_ತೊಗರಿ:
ನೀವು ಹೇಳಿದ್ದು ತಿಳೀತ್ರಿ. ನೀವು ಅಲ್ಲೇ ಇರೋರು, ನಿಮಗ ಆ ಮೇಜು ಕಾಣಿಸ್ತದ. ನನಗ ನಮ್ಮೂರ ಕಟ್ಟಿ ಕಾಣಿಸ್ತದ. ಒಂದು ಕೇಳ್ತೀನಿ: ಕಾರ್ಕ್‌ನ ತಲಿಯೊಳಗ ಏನೈತಿ ಅಂತ ತೋರಿಸೋ ಒಂದು ದೃಶ್ಯ ಇದ್ದಿದ್ದರ? ರೂಫುಸ್‌ಗ ಮಾತಿನ ಮ್ಯಾಲ ಮಾತು ಕೊಟ್ಟಾರ. ಅವ ಓದಿದವ, ನಟ. ಕಾರ್ಕ್ ಬರೇ ತಲಿ ಅಲ್ಲಾಡಿಸ್ತಾನ. ಇಬ್ಬರೂ ಗುಲಾಮರೇ, ಆದರ ಬರೆದವರ ಕಣ್ಣಾಗ ಇಬ್ಬರೂ ಒಂದೇ ಅಲ್ಲ. ನಾ ನೋಡೋದು ನಿಲ್ಲಿಸಿಲ್ರಿ, ಎರಡನೇ ಸೀಸನ್ ಮುಗಿಸೀನಿ. ಈ ತಕರಾರು ಮಾತ್ರ ಬಿಡಂಗಿಲ್ಲ.

ಮಲೆನಾಡಮಳೆ:
ರೂಫುಸ್-ಕಾರ್ಕ್ ಹೋಲಿಕೆ ಸರಿಯಾಗಿ ಹಿಡಿದಿರಿ ಅಣ್ಣ.

ನನ್ನ ಪ್ರಶ್ನೆ ಫ್ರೋಯಾ ಬಗ್ಗೆ. ಓರ್ಮ್‌ನ ಹೆಂಡತಿ, ಊರಿನ ಅತ್ಯಂತ ಗಟ್ಟಿಗಿತ್ತಿ ಯೋಧೆ. ಸೂರೆಗೆ ಹೋದಾಗ ಗಂಡಸರ ಮೇಲೆ ಅತ್ಯಾಚಾರ ಮಾಡುತ್ತಾಳೆ, ಅದರ ಗುರುತಿಗೆ ಅಂಗಗಳ ಸರ ಹಾಕಿಕೊಳ್ಳುತ್ತಾಳೆ. ಗಂಡು ಯೋಧರು ಮಾಡಿದ್ದನ್ನು ತಲೆಕೆಳಗು ಮಾಡಿದ್ದಾರೆ, ಅರ್ಥವಾಯಿತು. ವೈಕಿಂಗರ ಮೇಲಿನ ಗಂಭೀರ ಧಾರಾವಾಹಿಗಳಲ್ಲಿ ಹೆಂಗಸರ ಮೇಲಿನ ಹಿಂಸೆಯನ್ನು ಶೌರ್ಯದ ಹಿನ್ನೆಲೆಯ ಹಾಗೆ ತೋರಿಸಿಕೊಂಡು ಬಂದಿದ್ದಾರೆ, ಯಾರೂ ಹುಬ್ಬೇರಿಸಿಲ್ಲ. ಇಲ್ಲಿ ದಿಕ್ಕು ಬದಲಾದ ಕೂಡಲೇ ಗಂಡಸರಿಗೆ ಮುಜುಗರ. ಅಷ್ಟರಮಟ್ಟಿಗೆ ಅದು ಕೆಲಸ ಮಾಡುತ್ತದೆ. ಆದರೆ ಅದನ್ನೇ ಮತ್ತೆ ಮತ್ತೆ ಎಳೆದಾಗ ಅತ್ಯಾಚಾರವೇ ನಗೆಯ ವಸ್ತುವಾಗಿಬಿಡುತ್ತದೆ. ಯಾರ ಮೇಲೆ ನಡೆದರೂ ನನಗೆ ಅದರಲ್ಲಿ ನಗು ಬರುವುದಿಲ್ಲ.

ಕಡಲತಡಿ:
@ಮಲೆನಾಡಮಳೆ ಅಕ್ಕಾ, ಪೂರ್ತಿ ಒಪ್ಪುತ್ತೇನೆ. ನನಗೆ ಆ ಜೋಡಿಯಲ್ಲಿ ಇಷ್ಟವಾದದ್ದು ಬೇರೆ ದೃಶ್ಯಗಳು. ಮನೆಯೊಳಗೆ ಓರ್ಮ್ ತನ್ನ ಗಂಡಸುತನ ಉಳಿಸಿಕೊಳ್ಳಲು ಒದ್ದಾಡುವುದು, ಫ್ರೋಯಾ ತಾಳ್ಮೆಯಿಂದ ಕೇಳುವ ಹಾಗೆ ಕಂಡರೂ ಎಷ್ಟೋ ಹೊತ್ತಿನ ಹಿಂದೆಯೇ ಅವನ ಮೇಲೆ ಗೌರವ ಕಳೆದುಕೊಂಡಿರುವುದು. ಇಲ್ಲಿ ಅಪ್ಪಂದಿರಿಗೇ ಮೀಸಲಾದ ರಜೆ 1993ರಿಂದ ಇದೆ, ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಶೇಕಡ 40 ಹೆಂಗಸರು ಇರಲೇಬೇಕು ಅನ್ನುವ ಕಾನೂನಿದೆ. ಕಾನೂನು ಬದಲಾಗಿದೆ, ಗಂಡಸಿನ ಮನಸ್ಸು ಎಲ್ಲಿದೆ ಅನ್ನುವುದನ್ನು ಓರ್ಮ್‌ನ ಮುಖವೇ ಹೇಳುತ್ತದೆ.

ಬೆಣ್ಣೆದೋಸೆ_ದಾವಣಗೆರೆ:
ರಕ್ತಪಾತ ನೋಡಲಾಗದವರಿಗೆ ನಾರ್ವೆಯದ್ದೇ ಬೇರೆ ವಿಡಂಬನೆ ಇದೆಯಾ? ಮನೆಯಲ್ಲಿ ಅಪ್ಪ ಅಮ್ಮನ ಜತೆ ಕೂತು ನೋಡುವಂಥದ್ದು ಹೇಳಿ.

ಸ್ಟವಾಂಗರ್‌ವಾಸಿ:
@ಬೆಣ್ಣೆದೋಸೆ_ದಾವಣಗೆರೆ ಎರಡು ಹೇಳುತ್ತೇನೆ. ಎರಡೂ ಎನ್‌ಆರ್‌ಕೆಯವೇ.

'ಲಿಲಿಹ್ಯಾಮರ್', 2012. ನ್ಯೂಯಾರ್ಕಿನ ಮಾಫಿಯಾದವನೊಬ್ಬ ತನ್ನವರ ವಿರುದ್ಧ ಸಾಕ್ಷಿ ಹೇಳಿ, ಜೀವ ಉಳಿಸಿಕೊಳ್ಳಲು ಲಿಲೆಹಾಮರ್ ಊರಿಗೆ ಬರುತ್ತಾನೆ. 1994ರ ಚಳಿಗಾಲದ ಒಲಿಂಪಿಕ್ಸ್ ಟಿವಿಯಲ್ಲಿ ನೋಡಿ ಊರು ಇಷ್ಟವಾಗಿತ್ತಂತೆ. ಸ್ಟೀವನ್ ವ್ಯಾನ್ ಜಾಂಟ್ ನಟನೆ. ಅವನಿಗೆ ಎದುರಾಗುವ ದೊಡ್ಡ ಶತ್ರು ಪೊಲೀಸರಲ್ಲ, ನಾವ್ ಅನ್ನುವ ಕೆಲಸ ಮತ್ತು ಸವಲತ್ತಿನ ಸರ್ಕಾರಿ ಕಚೇರಿ. ಟೋಕನ್ ತೆಗೆದುಕೊಂಡು ಕೂರಬೇಕು, ಕೋರ್ಸು ಮಾಡಬೇಕು, ಫಾರಂ ತುಂಬಬೇಕು. ಬಂದೂಕು ಹಿಡಿದವನೂ ಅಲ್ಲಿ ಕಾಯಲೇಬೇಕು. ಮೊದಲ ಕಂತನ್ನು ಸುಮಾರು 10 ಲಕ್ಷ ಜನ ನೋಡಿದರು, ಆಗ ದೇಶದ ಜನಸಂಖ್ಯೆಯೇ 50 ಲಕ್ಷದ ಹತ್ತಿರ. ಹೊಡೆದಾಟ ಸ್ವಲ್ಪ ಇದೆ, ಮೊದಲು ನೀವು ನೋಡಿ ಆಮೇಲೆ ಅಪ್ಪ ಅಮ್ಮನಿಗೆ ತೋರಿಸಿ.

ಎರಡನೆಯದು 'ಮಕ್ತಾ', 2023. ನನ್ನ ಮಟ್ಟಿಗೆ ನಾರ್ವೆಯ ರಾಜಕೀಯ ವಿಡಂಬನೆಯಲ್ಲಿ ಇದಕ್ಕೆ ಸಮ ಇಲ್ಲ. 1970ರ ದಶಕದ ಲೇಬರ್ ಪಕ್ಷದ ಒಳಜಗಳ, ಅದರ ನಡುವೆ ಗ್ರೂ ಹಾರ್ಲೆಮ್ ಬ್ರುಂಟ್‌ಲಾಂಡ್ ಮೇಲೆ ಬಂದ ಕಥೆ. ವೈದ್ಯೆಯಾಗಿದ್ದವರು 1974ರಲ್ಲಿ ಪರಿಸರ ಮಂತ್ರಿ, 1981ರ ಫೆಬ್ರವರಿಯಲ್ಲಿ ದೇಶದ ಮೊದಲ ಮಹಿಳಾ ಪ್ರಧಾನಿ. ಪಕ್ಷದ ಗಂಡಸರು ಒಬ್ಬರ ಕಾಲು ಒಬ್ಬರು ಎಳೆಯುತ್ತಾ, ಯಾರಿಗೂ ಬೇಡವಾದ ಹೊಣೆಯನ್ನು ಆಕೆಯ ತಲೆಗೆ ಕಟ್ಟುತ್ತಾ ಹೋಗುತ್ತಾರೆ. 1977ರ ಏಪ್ರಿಲ್‌ನಲ್ಲಿ ಬ್ರಾವೋ ಎಣ್ಣೆ ವೇದಿಕೆಯ ಬಾವಿ ಹತೋಟಿ ತಪ್ಪಿ ಸಮುದ್ರಕ್ಕೆ ಎಣ್ಣೆ ಸುರಿದಾಗ ಉತ್ತರ ಹೇಳಲು ನಿಂತವರೂ ಆಕೆಯೇ. ಪಾತ್ರಗಳು 70ರ ಬಟ್ಟೆಯಲ್ಲಿ ಓಡಾಡುತ್ತಿದ್ದರೆ ಹಿಂದೆ ಇವತ್ತಿನ ಓಸ್ಲೋ ಹಾಗೇ ಕಾಣುತ್ತದೆ, ಈಗಿನ ಕಾರು, ಈಗಿನ ಕಟ್ಟಡ. ಮರೆಮಾಚುವ ಪ್ರಯತ್ನವೇ ಇಲ್ಲ. ಕಾನ್ ಊರಿನ ಧಾರಾವಾಹಿ ಉತ್ಸವದಲ್ಲಿ ಆ ವರ್ಷ ಶ್ರೇಷ್ಠ ಧಾರಾವಾಹಿ ಪ್ರಶಸ್ತಿ ಬಂತು.

ತುಂಗಾತೀರ:
ಜೀವಂತ ಇರುವ ಮಾಜಿ ಪ್ರಧಾನಿಯ ಹೆಸರನ್ನೇ ಇಟ್ಟು, ಆಕೆಯ ಪಕ್ಷವನ್ನೇ ಗೇಲಿ ಮಾಡಿ, ಅದೂ ಸರ್ಕಾರದ ದುಡ್ಡಿನಲ್ಲಿ? ಕೇಸು ಬೀಳಲಿಲ್ಲವೇ?

ಸ್ಟವಾಂಗರ್‌ವಾಸಿ:
@ತುಂಗಾತೀರ ಹಣ ಜನರದ್ದು, ಸಂಪಾದಕೀಯ ತೀರ್ಮಾನ ಮಂತ್ರಿಗಳ ಕೈಯಲ್ಲಿ ಇಲ್ಲ. ಮೊದಲು ಟಿವಿ ಇದ್ದ ಮನೆಯವರೆಲ್ಲ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು, 2020ರಿಂದ ಅದು ತೆರಿಗೆಯ ಮೂಲಕ ಹೋಗುತ್ತದೆ. ಆಗ ಇಲ್ಲಿ ದೊಡ್ಡ ಚರ್ಚೆ ನಡೆದದ್ದೇ ಇದರ ಬಗ್ಗೆ: ಬಜೆಟ್ ಮೂಲಕ ಹಣ ಬಂದರೆ ಎನ್‌ಆರ್‌ಕೆಯ ಸ್ವಾತಂತ್ರ್ಯ ಏನಾಗುತ್ತದೆ? ನಾನು ತೆರಿಗೆ ಕಟ್ಟುವವನಾಗಿ ಹೇಳುತ್ತೇನೆ, ನನ್ನ ಪಾಲಿನ ಹಣ ನನ್ನನ್ನೇ ಪ್ರಶ್ನಿಸುವ ಹಾಸ್ಯಕ್ಕೆ ಹೋಗುವುದು ನನಗೆ ತೃಪ್ತಿ.

ಇಲ್ಲಿನ ಸ್ವಭಾವವೂ ಸೇರಿಕೊಂಡಿದೆ. ಆಕ್ಸೆಲ್ ಸಾಂಡೆಮೋಸೆ 1933ರ ಕಾದಂಬರಿಯಲ್ಲಿ ಬರೆದ 'ಯಾಂಟೆ ನಿಯಮ' ಹತ್ತು ಇವೆ, ಸಾರ ಒಂದೇ: ನೀನು ನಮಗಿಂತ ಮೇಲು ಅಂದುಕೊಳ್ಳಬೇಡ. ಸಾಂಡೆಮೋಸೆ ಅದನ್ನು ಉಸಿರುಗಟ್ಟಿಸುವ ಸಣ್ಣ ಊರಿನ ವಿರುದ್ಧ ಬರೆದದ್ದು. ಆದರೆ ದೊಡ್ಡವರ ಮೇಲೆ ನಗುವುದಕ್ಕೂ ಅದೇ ಮನೋಭಾವ ಬಲ ಕೊಡುತ್ತದೆ. ಮೂರನೆಯ ಸೀಸನ್ನಿನಲ್ಲಿ ಪಕ್ಕದೂರಿನ ದುಷ್ಟ ಯಾರ್ಲ್ (ದೊರೆ) ವಾರ್ಗ್‌ನ ಕ್ರೌರ್ಯಕ್ಕೆಲ್ಲ ಮೂಲ ಅವನ ಕೂದಲು ಉದುರತೊಡಗಿದ್ದು ಅಂತ ತೋರಿಸುತ್ತಾರೆ. ಜನರನ್ನು ನಡುಗಿಸುವ ದೊರೆ ಕನ್ನಡಿಯ ಮುಂದೆ ನಡುಗುತ್ತಾನೆ.

ಮಲೆನಾಡಮಳೆ:
ಹಾಗಾದರೆ ಮೂರನೆಯದು ಹಿಂದಿನ ಕಥೆಯೇ? ಅದನ್ನೇ ಮೊದಲು ನೋಡಬಹುದಾ?

ಸ್ಟವಾಂಗರ್‌ವಾಸಿ:
ಹೌದು ಮೇಡಂ, ಮೊದಲ ಸೀಸನ್ನಿಗಿಂತ ಹಿಂದಿನ ಕಥೆ. ಆದರೆ ಬಂದ ಕ್ರಮದಲ್ಲೇ ನೋಡಿ. ವಾರ್ಗ್‌ನ ಬೋಳುತಲೆಗೆ ಎರಡು ಸೀಸನ್ ಹೆದರಿದ ಮೇಲೆ ಅವನ ಕೂದಲು ನೋಡುವುದರಲ್ಲೇ ಇರುವುದು ಆ ಸೀಸನ್ನಿನ ಸೊಗಸು. ಕಂತು ಸುಮಾರು ಅರ್ಧ ಗಂಟೆಯದು. ಭಾಷೆಯ ಆಯ್ಕೆಯಲ್ಲಿ ನಾರ್ವೇಜಿಯನ್ ಇದ್ದರೆ ಅದನ್ನೇ ಹಾಕಿ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳಿ. ಫ್ರೋಯಾ ಬಗ್ಗೆ ನೀವು ಎತ್ತಿದ ಮಾತು ಮುಂದಿನ ಸೀಸನ್ನುಗಳಿಗೂ ನಿಲ್ಲುತ್ತದೋ ಇಲ್ಲವೋ ನೋಡಿ ಇಲ್ಲೇ ಬರೆಯಿರಿ.

ಕಲ್ಬುರ್ಗಿ_ತೊಗರಿ:
ನಾ ಈ ವಾರ ಮೂರನೇದು ಶುರು ಮಾಡ್ತೀನ್ರಿ. ಕಾರ್ಕ್‌ಗ ಅಲ್ಲಾದರೂ ಮಾತು ಸಿಕ್ಕರ ಬಂದು ಹೇಳ್ತೀನಿ.